ಕಂಪನಿ ಲಾರಿ, ಸಾವ್ಕಾರರ ಲಾರಿ

ಹೆವಿ ಲೈಸನ್ಸ್ ಕೈಗೆ ಬಂದ ಹುಡುಗರು ನಮ್ಮ ಹಾವೇರಿ ಸೀಮೆಯಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: ದೊಡ್ಡ ಟ್ರಾನ್ಸ್‌ಪೋರ್ಟ್ ಕಂಪನಿಗೆ ಸೇರುವುದು ಒಳ್ಳೆಯದೋ, ಒಂದೆರಡು ಗಾಡಿ ಇಟ್ಟುಕೊಂಡಿರುವ ಸಾವ್ಕಾರರ ಬಳಿ ಇರುವುದು ಒಳ್ಳೆಯದೋ? ನಾನು ಎರಡೂ ಕಡೆ ಸ್ಟೇರಿಂಗ್ ಹಿಡಿದವನು. ಮೊದಲು ಒಬ್ಬ ಸಾವ್ಕಾರರ ಲಾರಿಯಲ್ಲಿ ಕ್ಲೀನರ್ ಆಗಿದ್ದು ಅದೇ ಗಾಡಿಗೆ ಡ್ರೈವರ್ ಆದೆ. ಆಮೇಲೆ ಹೊರರಾಜ್ಯದಲ್ಲಿ ಕೇಂದ್ರ ಕಚೇರಿಯಿದ್ದ ಒಂದು ದೊಡ್ಡ ಕಂಪನಿಯಲ್ಲಿ ಬಹಳ ವರ್ಷ ದುಡಿದೆ. ಕೇಳಿದವರಿಗೆ ನಾನು ಕೊಡುವ ಉತ್ತರ ಸ್ಪಷ್ಟವಾಗಿದೆ. ಹೆಂಡತಿ ಮಕ್ಕಳಿರುವವನು, ಅಥವಾ ನಾಳೆ ಸಂಸಾರ ಕಟ್ಟಬೇಕೆಂದಿರುವವನು ಕಂಪನಿಗೇ ಸೇರಬೇಕು. ಆದರೆ ಹಾಗೆ ಸೇರುವಾಗ ಯಾವುದನ್ನು ಬಿಟ್ಟುಕೊಡುತ್ತಿದ್ದೇನೆ ಎಂಬುದು ಅವನಿಗೆ ತಿಳಿದಿರಬೇಕು. ಸಂಬಳ ಎಷ್ಟು, ಬತ್ತಾ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ನಿದ್ದೆ ಬಂದಾಗ ಗಾಡಿ ನಿಲ್ಲಿಸುವ ತೀರ್ಮಾನ ಯಾರದು, ಅಪಘಾತವಾದ ರಾತ್ರಿ ನನ್ನ ಪಕ್ಕದಲ್ಲಿ ಬಂದು ನಿಲ್ಲುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಈ ಬರಹ ಮುಖ್ಯವಾಗಿ ಆ ಎರಡು ಪ್ರಶ್ನೆಗಳ ಕುರಿತದ್ದು.

ಮೊದಲು ಲೋಡಿನ ಮಾತು. ಒಂದು ಗಾಡಿಯ ಮಾಲೀಕನಿಗೆ ಹೋಗುವ ಲೋಡು ಸುಲಭವಾಗಿ ಸಿಗುತ್ತದೆ, ಬರುವ ಲೋಡು ಸಿಗುವುದಿಲ್ಲ. ಬ್ಯಾಡಗಿಯಿಂದ ಮೆಣಸಿನಕಾಯಿ ತುಂಬಿಕೊಂಡು ಮುಂಬಯಿಗೆ ಹೋದರೆ ಅಲ್ಲಿ ಖಾಲಿ ಮಾಡಿದ ಮೇಲೆ ಭಿವಂಡಿಯಲ್ಲೋ ಕಳಂಬೋಲಿಯಲ್ಲೋ ಬ್ರೋಕರ್ ಆಫೀಸಿನ ಮುಂದೆ ಗಾಡಿ ನಿಲ್ಲಿಸಿ ಕಾಯಬೇಕು. ಆ ಕಾಯುವ ದಿನಗಳಿಗೆ ಸಾವ್ಕಾರರು ಬತ್ತಾ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವವನಿಗೆ ನಿಂತ ಗಾಡಿಯಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ, ಡಾಬಾದ ಊಟದ ಖರ್ಚು ಮಾತ್ರ ನಡೆಯುತ್ತಲೇ ಇರುತ್ತದೆ. ಕಂಪನಿಗಳು, ಅದರಲ್ಲೂ ಪಾರ್ಸೆಲ್ ಸಾಗಿಸುವ ಕಂಪನಿಗಳು, ಈ ತೊಂದರೆಯನ್ನು ಬೇರುಸಹಿತ ತೆಗೆದುಹಾಕಿವೆ. ಊರೂರಿನ ಶಾಖೆಗಳಿಂದ ಸರಕು ಒಂದು ದೊಡ್ಡ ಗೋಡೌನಿಗೆ ಬರುತ್ತದೆ, ಅಲ್ಲಿ ಬೇರ್ಪಟ್ಟು ದೂರದ ಮತ್ತೊಂದು ಗೋಡೌನಿಗೆ ಹೋಗುತ್ತದೆ. ಎರಡೂ ದಿಕ್ಕಿನಲ್ಲಿ ಸರಕು ಇರುವುದರಿಂದ ಡ್ರೈವರ್ ಇಳಿಸಿದ ಜಾಗದಲ್ಲೇ ತುಂಬಿಕೊಂಡು ಹೊರಡುತ್ತಾನೆ. ವಿಜಯ ಸಂಕೇಶ್ವರರು 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಆರಂಭಿಸಿ, ಮುಂದೆ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡು ಬೆಳೆಸಿದ ವಿಆರ್‌ಎಲ್ 2015ರಲ್ಲಿ ಷೇರುಪೇಟೆಗೆ ಬರುವ ಹೊತ್ತಿಗೆ ಸಾವಿರಾರು ಸ್ವಂತ ಗಾಡಿಗಳ ಸಂಸ್ಥೆಯಾಗಿದ್ದುದರ ಹಿಂದೆ ಇದೇ ವ್ಯವಸ್ಥೆಯ ಬಲವಿದೆ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಡ್ರೈವರ್ ಕೆಲಸವೆಂದರೆ ತಿಂಗಳ ಸಂಬಳದ ನೌಕರಿ ಎಂಬ ಭಾವನೆ ಬೆಳೆದದ್ದು ಇಂಥ ಕಂಪನಿಗಳಿಂದಲೇ ಎಂಬುದನ್ನು ಒಪ್ಪಬೇಕು.

ತೂಕದ ವಿಷಯದಲ್ಲೂ ಕಂಪನಿಯೇ ಮೇಲು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಮೇಲಿನ ಭಾರದ ಮಿತಿಯನ್ನು ಏರಿಸಿತು. ಗಾಡಿಯ ತೂಕವೂ ಸೇರಿ ಹಿಂದೆ ಒಟ್ಟು 25 ಟನ್ ಇದ್ದ ಹತ್ತು ಚಕ್ರದ ಗಾಡಿಗೆ 28.5 ಟನ್ ಎಂದಾಯಿತು. ಆದರೂ ಬಾಡಿಗೆ ಕಡಿಮೆಯಾದ ಕಾಲದಲ್ಲಿ ಸಣ್ಣ ಮಾಲೀಕ ಇನ್ನೂ ಎರಡು ಮೂರು ಟನ್ ಹೆಚ್ಚಿಗೆ ಹಾಕಿಸುತ್ತಾನೆ, ಏಕೆಂದರೆ ಫೈನಾನ್ಸಿನ ಕಂತು ಅವನ ನೆತ್ತಿಯ ಮೇಲಿರುತ್ತದೆ. 2019ರ ತಿದ್ದುಪಡಿಯ ನಂತರ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ದಂಡವನ್ನು ಸಾವ್ಕಾರರು ಕಟ್ಟಬಹುದು. ಘಟ್ಟ ಇಳಿಯುವಾಗ ಆ ತೂಕವನ್ನು ಬ್ರೇಕಿನಲ್ಲಿ ಹಿಡಿಯಬೇಕಾದವನು ಡ್ರೈವರ್. ಅರಬೈಲ್ ಘಟ್ಟದಲ್ಲಿ ಮಳೆಗಾಲದ ರಾತ್ರಿ ಅಂಥ ಗಾಡಿ ಇಳಿಸಿದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಈಗ ಅಪಘಾತದ ರಾತ್ರಿಗೆ ಬರುತ್ತೇನೆ. ತಪ್ಪು ಯಾರದೇ ಇರಲಿ, ಲಾರಿ ಮತ್ತು ಬೈಕಿನ ನಡುವೆ ಅಪಘಾತವಾದರೆ ಜನ ಹುಡುಕುವುದು ಲಾರಿಯ ಡ್ರೈವರನನ್ನು. ಗಾಯಗೊಂಡವರಿಗೆ ನೆರವಾಗುವುದು ಡ್ರೈವರನ ಕರ್ತವ್ಯವೆಂದು ಹೇಳುವ ಮೋಟಾರು ವಾಹನ ಕಾಯ್ದೆಯ 134ನೆಯ ಕಲಮು, ಗುಂಪಿನ ಆಕ್ರೋಶದಿಂದಾಗಿ ಅದು ಸಾಧ್ಯವಾಗದ ಸಂದರ್ಭವೂ ಇರಬಹುದೆಂದು ತಾನೇ ಒಪ್ಪಿಕೊಂಡಿದೆ. ಕಾಯ್ದೆ ಬರೆದವರಿಗೂ ರಸ್ತೆಯ ಸತ್ಯ ಗೊತ್ತಿತ್ತು ಎಂದಾಯಿತು. 2024ರ ಜನವರಿಯ ಮೊದಲ ದಿನಗಳಲ್ಲಿ ದೇಶದ ಹಲವೆಡೆ ಡ್ರೈವರ್‌ಗಳು ಗಾಡಿ ನಿಲ್ಲಿಸಿ ಪ್ರತಿಭಟಿಸಿದ್ದು ಇದೇ ಭಯದಿಂದ. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಹೊಸ ನ್ಯಾಯ ಸಂಹಿತೆಯ 106ನೆಯ ಕಲಮಿನ ಎರಡನೆಯ ಭಾಗ, ಅಪಘಾತದಲ್ಲಿ ಸಾವಾದಾಗ ವಿಷಯ ತಿಳಿಸದೆ ಓಡಿಹೋದ ಚಾಲಕನಿಗೆ 10 ವರ್ಷದವರೆಗೆ ಶಿಕ್ಷೆ ಎನ್ನುತ್ತದೆ. ಪ್ರತಿಭಟನೆಯ ನಂತರ ಆ ಭಾಗವನ್ನು ತಡೆಹಿಡಿದು, ಉಳಿದ ಸಂಹಿತೆಯನ್ನು 2024ರ ಜುಲೈ 1ರಿಂದ ಜಾರಿಗೆ ತಂದರು. ಓಡಿಹೋಗದೆ ನಿಂತವನಿಗೂ ನಿರ್ಲಕ್ಷ್ಯದ ಸಾವಿನ ಪ್ರಕರಣದಲ್ಲಿ ಹಿಂದೆ ಇದ್ದ ಗರಿಷ್ಠ 2 ವರ್ಷದ ಶಿಕ್ಷೆ ಈಗ 5 ವರ್ಷವಾಗಿದೆ.

ಇಂಥ ರಾತ್ರಿಯಲ್ಲಿ ಒಂದು ಗಾಡಿಯ ಮಾಲೀಕ ಏನು ಮಾಡುತ್ತಾನೆ ಎಂಬುದು ಪೂರ್ತಿ ಅವನ ಮನಸ್ಸಿಗೆ ಬಿಟ್ಟ ವಿಷಯ. ನನ್ನ ಸಾವ್ಕಾರರಂಥವರು ತಾವೇ ಜೀಪು ಮಾಡಿಕೊಂಡು ಬಂದು, ಠಾಣೆಯ ಬೆಂಚಿನ ಮೇಲೆ ಬೆಳಗಿನವರೆಗೆ ಕುಳಿತು, "ತಮ್ಮಾ, ಅಂಜಬ್ಯಾಡ, ನಾ ಅದೀನಿ" ಎಂದು ಧೈರ್ಯ ಹೇಳುತ್ತಾರೆ. ಇನ್ನೊಬ್ಬರು ಫೋನು ಬಂದ್ ಮಾಡಿಕೊಳ್ಳುತ್ತಾರೆ. ನನ್ನ ಜೊತೆಗೆ ಕ್ಲೀನರ್ ಆಗಿದ್ದು ಮುಂದೆ ಬೇರೆ ಮಾಲೀಕರ ಗಾಡಿ ಹತ್ತಿದ ಗೆಳೆಯನಿಗೆ ಹಿರಿಯೂರಿನ ಈಚೆ ಅಪಘಾತವಾದಾಗ ಆದದ್ದು ಹಾಗೆಯೇ. ಜಾಮೀನು ಸಿಗುವ ಪ್ರಕರಣವೇ ಆಗಿದ್ದರೂ ಜಾಮೀನುದಾರ ಬೇಕಲ್ಲ? ಅವನ ತಂದೆ ಹೊಲದ ಪಹಣಿ ಹಿಡಿದುಕೊಂಡು ಹೋಗಿ ಬಿಡಿಸಿಕೊಂಡು ಬಂದರು. ಮಾಲೀಕರು ಬಂದದ್ದು ಕೋರ್ಟಿನಿಂದ ಗಾಡಿ ಬಿಡಿಸಿಕೊಳ್ಳುವುದಕ್ಕೆ ಮಾತ್ರ. ಆಮೇಲೆ ವರ್ಷಗಟ್ಟಲೆ ವಾಯಿದೆಗೆ ಹೋಗುವ ಬಸ್ ಖರ್ಚೂ ಅವನದೇ, ಆ ದಿನದ ದುಡಿಮೆಯ ನಷ್ಟವೂ ಅವನದೇ.

ಕಂಪನಿಯಲ್ಲಿ ಇದು ಒಬ್ಬರ ಒಳ್ಳೆಯತನದ ಮೇಲೆ ನಿಂತಿರುವುದಿಲ್ಲ. ಹತ್ತಿರದ ಶಾಖೆಯಿಂದ ಯಾರಾದರೊಬ್ಬರು ಬರುತ್ತಾರೆ, ವಕೀಲರು ಮೊದಲೇ ಗೊತ್ತಾಗಿರುತ್ತಾರೆ, ಇನ್ಶೂರೆನ್ಸ್ ಮತ್ತು ಎಫ್‌ಸಿ (ಗಾಡಿಯ ಯೋಗ್ಯತಾ ಪತ್ರ) ಚಾಲ್ತಿಯಲ್ಲಿರುತ್ತವೆ. ಜಿಪಿಎಸ್ ದಾಖಲೆ ಡ್ರೈವರನ ಪರವಾಗಿ ನಿಂತದ್ದನ್ನೂ ನಾನು ಕಂಡಿದ್ದೇನೆ. ಗಾಡಿ ಆ ಹೊತ್ತಿನಲ್ಲಿ ಎಷ್ಟು ವೇಗದಲ್ಲಿತ್ತು ಎಂದು ಯಂತ್ರವೇ ಹೇಳಿದಾಗ, ಲಾರಿಯವ ಯದ್ವಾತದ್ವಾ ಓಡಿಸಿದ ಎಂಬ ಮಾತು ನಿಲ್ಲುವುದಿಲ್ಲ. ಆದರೆ ಶಾಖೆಯಿಂದ ಬಂದವರು ಡ್ರೈವರನ ಮುಖಕ್ಕಿಂತ ಮೊದಲು ಸರಕಿನ ಸೀಲು ನೋಡುತ್ತಾರೆ ಎಂಬುದೂ ನಿಜ. ಕಂಪನಿಯ ಒಳಗಿನ ವಿಚಾರಣೆ ಮುಗಿಯುವವರೆಗೆ ಡ್ಯೂಟಿ ಇಲ್ಲ. ಡ್ಯೂಟಿ ಇಲ್ಲದಿದ್ದರೆ ಟ್ರಿಪ್ಪಿನ ಹಣವಿಲ್ಲ. ನಿರ್ದೋಷಿಯೆಂದು ತೀರ್ಮಾನವಾದ ಮೇಲೂ ಆ ದಿನಗಳ ದುಡ್ಡನ್ನು ಯಾರೂ ತಿರುಗಿ ಕೊಡುವುದಿಲ್ಲ. ಇದು ಅನ್ಯಾಯ. ಇದನ್ನು ಸರಿಪಡಿಸುವುದು ಯಾವ ದೊಡ್ಡ ಕಂಪನಿಗೂ ಭಾರವಾಗುವ ಮಾತಲ್ಲ.

ಡ್ರೈವರನೇ ಸತ್ತರೆ ಅಥವಾ ಕಾಲು ಕಳೆದುಕೊಂಡರೆ? ಇಲ್ಲಿ ಬಹಳ ಜನರಿಗೆ ತಿಳಿಯದ ಒಂದು ಸಂಗತಿ ಇದೆ. ಸಣ್ಣ ಮಾಲೀಕನ ಗಾಡಿಯಾದರೂ, ಕೆಲಸದ ಮೇಲಿದ್ದ ಡ್ರೈವರನಿಗೆ ಪರಿಹಾರ ಕೊಡುವ ಹೊಣೆ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಕಾಲದಿಂದಲೂ ಮಾಲೀಕನ ಮೇಲಿದೆ, ಮತ್ತು ಆ ಹೊಣೆಯನ್ನು ಗಾಡಿಯ ಕಡ್ಡಾಯ ವಿಮೆಯೊಳಗೆ ಸೇರಿಸಲೇಬೇಕು. ಆದ್ದರಿಂದ ಹಕ್ಕು ಇಬ್ಬರಿಗೂ ಒಂದೇ. ಸಾಕ್ಷಿಯಲ್ಲಿ ಮಾತ್ರ ವ್ಯತ್ಯಾಸ. ಕಂಪನಿಯ ಡ್ರೈವರನಿಗೆ ನೇಮಕದ ಪತ್ರ, ಸಂಬಳದ ಚೀಟಿ, ಟ್ರಿಪ್ ಶೀಟು ಎಲ್ಲವೂ ಇರುತ್ತವೆ. ಸಾವ್ಕಾರರ ಡ್ರೈವರನ ಹೆಂಡತಿ ತನ್ನ ಗಂಡ ಆ ದಿನ ಆ ಗಾಡಿಯಲ್ಲಿ ಕೆಲಸದ ಮೇಲಿದ್ದ, ತಿಂಗಳಿಗೆ ಇಷ್ಟು ದುಡಿಯುತ್ತಿದ್ದ ಎಂಬುದನ್ನು ಹೇಗೆ ತೋರಿಸಬೇಕು? ಸಂಬಳದ ಲೆಕ್ಕ ಸಾವ್ಕಾರರ ಕಿಸೆಯ ಡೈರಿಯಲ್ಲಿರುತ್ತದೆ. ಪ್ರಾವಿಡೆಂಟ್ ಫಂಡಿನ ಮಾತೂ ಅದೇ ಬಗೆಯದು. 20 ಜನರಿಗಿಂತ ಕಡಿಮೆ ನೌಕರರಿರುವ ಕಡೆ ಅದು ಕಡ್ಡಾಯವಲ್ಲವಾದ್ದರಿಂದ ಸಾವ್ಕಾರರ ಡ್ರೈವರನಿಗೆ ಅದರ ಹೆಸರೂ ಗೊತ್ತಿರುವುದಿಲ್ಲ. ಐದು ವರ್ಷ ಪೂರೈಸಿದ ಮೇಲೆ ಸಿಗುವ ಗ್ರಾಚ್ಯುಟಿಯೂ ಅವನ ಪಾಲಿಗಿಲ್ಲ. ಕಣ್ಣು ಮಂಜಾಗಿ ಲೈಸನ್ಸ್ ನವೀಕರಣ ಕಷ್ಟವಾಗುವ ವಯಸ್ಸಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಇನ್ನೊಂದು ಮಾತನ್ನೂ ಹೇಳಲೇಬೇಕು: ಲಾರಿ ಡ್ರೈವರನಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವ ಜನ, ಕಂಪನಿಯ ಗುರುತಿನ ಚೀಟಿ ಮತ್ತು ಬ್ಯಾಂಕಿಗೆ ಬರುವ ಸಂಬಳ ಕಂಡರೆ ಕುಳಿತು ಮಾತಾಡುತ್ತಾರೆ. ಗೌರವ ಹಾಗೆ ಸಿಗಬಾರದು ಎಂದು ನನ್ನ ಅಭಿಪ್ರಾಯ, ಆದರೆ ಹಾಗೆ ಸಿಗುತ್ತಿದೆ.

ಇಷ್ಟೆಲ್ಲ ಕೊಡುವ ಕಂಪನಿ ಡ್ರೈವರನಿಂದ ಪಡೆದುಕೊಳ್ಳುವುದು ಏನು? ಅವನ ಹೊತ್ತಿನ ಮೇಲಿನ ಅಧಿಕಾರವನ್ನು. ಸಾವ್ಕಾರರ ಲಾರಿಯಲ್ಲಿ ರಾತ್ರಿ ಎರಡು ಗಂಟೆಗೆ ಕಣ್ಣು ಎಳೆದರೆ, ಶಿರಾದ ಆಚೆ ಯಾವುದಾದರೂ ಡಾಬಾದ ಮುಂದೆ ನಿಲ್ಲಿಸಿ ಮಲಗುತ್ತಿದ್ದೆ. ಬೆಳಿಗ್ಗೆ ಫೋನು ಬಂದರೆ ಮಲಗಿದ್ದೆ ಎಂದು ಹೇಳುತ್ತಿದ್ದೆ, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಕಂಪನಿಯಲ್ಲಿ ಗಾಡಿ ನಿಂತ ಸ್ವಲ್ಪ ಹೊತ್ತಿಗೆ ಕಂಟ್ರೋಲ್ ರೂಮಿನಿಂದ ಕರೆ ಬರುತ್ತದೆ. "ಯಾಕೆ ನಿಂತಿದೆ ಗಾಡಿ? ಎಷ್ಟೊತ್ತಿಗೆ ಹೊರಡುತ್ತೀರಿ?" ಕೇಳುವ ಹುಡುಗನ ತಪ್ಪೇನೂ ಇಲ್ಲ, ಅವನ ಮುಂದಿನ ಪರದೆಯಲ್ಲಿ ಗುರುತು ಕೆಂಪಾಗಿರುತ್ತದೆ. ಆದರೆ ಮಲಗಿದ ಮನುಷ್ಯನನ್ನು ಎಬ್ಬಿಸಿ ಯಾಕೆ ಮಲಗಿದೆ ಎಂದು ಕೇಳುವ ವ್ಯವಸ್ಥೆ ಎಂಥದು ಎಂಬುದನ್ನು ಅದನ್ನು ಕಟ್ಟಿದವರು ಯೋಚಿಸಬೇಕು.

ಕಾನೂನು ಈ ವಿಷಯದಲ್ಲಿ ಮೌನವಾಗಿರಲಿಲ್ಲ. ಐದಕ್ಕಿಂತ ಕಡಿಮೆಯಿಲ್ಲದಷ್ಟು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತ್ತು. ದೂರದ ದಾರಿಗಳಲ್ಲಿ ಅನುಮತಿ ಪಡೆದು ಹೆಚ್ಚಿಸಿದರೂ ದಿನಕ್ಕೆ 10, ವಾರಕ್ಕೆ 54 ಗಂಟೆಯನ್ನು ಮೀರುವಂತಿರಲಿಲ್ಲ. ಈ ಕಾಯ್ದೆಯನ್ನು ಮುಂದೆ 2020ರ ಕಾರ್ಮಿಕ ಸಂಹಿತೆಯೊಂದರಲ್ಲಿ ಸೇರಿಸಿದರು. ಬೆಂಗಳೂರಿನಿಂದ ಮುಂಬಯಿಗೆ ಸುಮಾರು 980 ಕಿಲೋಮೀಟರ್. ಟೋಲು, ಘಟ್ಟ, ಊರೊಳಗಿನ ದಟ್ಟಣೆ ಎಲ್ಲ ಸೇರಿ ಗಂಟೆಗೆ ಸರಾಸರಿ 40 ಕಿಲೋಮೀಟರ್ ಎಂದು ಹಿಡಿದರೆ 24 ಗಂಟೆಗೂ ಮಿಕ್ಕಿದ ಚಾಲನೆ. ದಿನಕ್ಕೆ 8 ಗಂಟೆಯಂತೆ ಒಬ್ಬ ಡ್ರೈವರನಿಗೆ ಮೂರು ದಿನದ ಕೆಲಸ. ಮೂರು ದಿನ ಕೊಡುವ ಕಂಪನಿ ಯಾವುದಿದೆ ಎಂದು ಹೆದ್ದಾರಿಯ ಯಾವ ಡ್ರೈವರನನ್ನಾದರೂ ಕೇಳಿ ನೋಡಬಹುದು. ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಕಾಗದವಾದ ಇ-ವೇ ಬಿಲ್ಲಿನ ಅವಧಿಯ ಲೆಕ್ಕವೂ 2021ರಿಂದ ದಿನಕ್ಕೆ 200 ಕಿಲೋಮೀಟರ್ ಎಂದಿದೆ. ಸರಕಿನ ಕಾಗದ ಕೊಡುವಷ್ಟು ಕಾಲಾವಕಾಶವನ್ನು ಸರಕು ಒಯ್ಯುವ ಮನುಷ್ಯನಿಗೆ ಆಫೀಸು ಕೊಡುವುದಿಲ್ಲ.

ಹಿಂದೆ ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಡ್ರೈವರ್ ಇರಬೇಕೆಂಬ ನಿಯಮವಿತ್ತು. 2018ರಲ್ಲಿ ಅದನ್ನು ತೆಗೆದುಹಾಕಿದರು. ನಿಯಮವಿದ್ದಾಗಲೂ ಎಲ್ಲರೂ ಪಾಲಿಸುತ್ತಿರಲಿಲ್ಲ, ಆದರೆ ದೊಡ್ಡ ಕಂಪನಿಗಳಲ್ಲಿ ಬಹುಮಟ್ಟಿಗೆ ನಡೆಯುತ್ತಿತ್ತು. ಎರಡನೆಯ ಡ್ರೈವರನ ಜೊತೆಗೆ ಕ್ಲೀನರನೂ ಈಗ ಮಾಯವಾಗುತ್ತಿದ್ದಾನೆ. ಕ್ಲೀನರ್ ಎಂದರೆ ಬರೀ ಗಾಜು ಒರೆಸುವ ಹುಡುಗನಲ್ಲ. ತಾಡಪಾಲು ಕಟ್ಟುವುದು, ಟೈರಿಗೆ ಬಡಿದು ಗಾಳಿಯ ಅಂದಾಜು ಮಾಡುವುದು, ಘಟ್ಟ ಹತ್ತಿದ ಗೇರಿನಲ್ಲೇ ಘಟ್ಟ ಇಳಿಯಬೇಕೆಂಬ ಪಾಠ, ರಾತ್ರಿಯಿಡೀ ಮಾತಾಡುತ್ತ ಡ್ರೈವರನನ್ನು ಎಚ್ಚರವಾಗಿಡುವುದು ಎಲ್ಲವೂ ಆ ಕೆಲಸದೊಳಗೆ ಇತ್ತು. ನಾನು ಗಾಡಿ ಕಲಿತದ್ದು ಎಡಗಡೆಯ ಸೀಟಿನಲ್ಲಿ ಕುಳಿತು, ಬಲಗಡೆಯ ಉಸ್ತಾದರ ಕೈಕಾಲು ನೋಡುತ್ತ. ಆ ಸೀಟು ಈಗ ಖಾಲಿಯಿದೆ. ಡ್ರೈವರ್‌ಗಳ ಕೊರತೆ ಎಂದು ಕಂಪನಿಗಳು ಹೇಳುವಾಗ ಈ ಖಾಲಿ ಸೀಟಿನ ಕಡೆಗೆ ಅವರು ನೋಡಬೇಕು.

ಮೈಲೇಜಿನ ವಿಷಯ ಇನ್ನೂ ಗಂಭೀರವಾದದ್ದು. ಒಂದು ದಾರಿಗೆ ಇಷ್ಟು ಲೀಟರ್ ಡೀಸೆಲ್ ಎಂದು ಕಂಪನಿ ಗೊತ್ತುಮಾಡುತ್ತದೆ. ಉಳಿಸಿದರೆ ಬಹುಮಾನ, ಹೆಚ್ಚಾದರೆ ಸಂಬಳದಲ್ಲಿ ಕಡಿತ. ಡೀಸೆಲ್ ಕಳವು ಈ ವೃತ್ತಿಯ ಹಳೆಯ ರೋಗವಾದ್ದರಿಂದ ಕಂಪನಿ ಲೆಕ್ಕ ಇಡುವುದು ತಪ್ಪಲ್ಲ. ಆದರೆ ಮಳೆ, ಎದುರುಗಾಳಿ, ಟ್ರಾಫಿಕ್ಕು, ಸವೆದ ಟೈರು ಇವು ಯಾವುವೂ ಆ ಲೆಕ್ಕದಲ್ಲಿ ಬರುವುದಿಲ್ಲ. ಕಡಿತಕ್ಕೆ ಹೆದರಿದ ಡ್ರೈವರ್ ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್ ಮಾಡುತ್ತಾನೆ. ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಕಾತ್ರಜ್ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗಿನ ಇಳಿಜಾರು ನಮ್ಮ ಕಡೆಯ ಎಲ್ಲ ಡ್ರೈವರ್‌ಗಳಿಗೂ ಗೊತ್ತು. 2022ರ ನವೆಂಬರ್‌ನಲ್ಲಿ ಅಲ್ಲಿ ಹಿಡಿತ ತಪ್ಪಿದ ಒಂದೇ ಲಾರಿಯಿಂದ ಹತ್ತಾರು ವಾಹನಗಳು ಜಖಂಗೊಂಡವು. ಎಂಜಿನ್ ಬಂದ್ ಮಾಡಿ ಅಥವಾ ನ್ಯೂಟ್ರಲ್‌ನಲ್ಲಿ ಇಳಿಸಿದರೆ ಕಂಪ್ರೆಸರಿನಿಂದ ಬ್ರೇಕಿಗೆ ಗಾಳಿ ತುಂಬುವುದು ಕುಂದುತ್ತದೆ, ಎಂಜಿನ್ನಿನ ಹಿಡಿತವೂ ಚಕ್ರಕ್ಕೆ ಸಿಗುವುದಿಲ್ಲ, ಇಡೀ ತೂಕ ಬ್ರೇಕ್ ಲೈನರಿನ ಮೇಲೆ ಬಿದ್ದು ಅದು ಕಾದು ಸೋಲುತ್ತದೆ. ದೊಡ್ಡ ಕಂಪನಿಗಳ ಹೊಸ ಗಾಡಿಗಳಲ್ಲಿ ನ್ಯೂಟ್ರಲ್ ಮಾಡಿದ್ದು ಆಫೀಸಿನಲ್ಲಿ ಕಾಣುತ್ತದೆ, ಅದಕ್ಕೆ ಎಚ್ಚರಿಕೆಯೂ ಬರುತ್ತದೆ. ಒಂದು ಟೇಬಲ್ಲು ಡೀಸೆಲ್ ಉಳಿಸು ಎನ್ನುತ್ತದೆ, ಪಕ್ಕದ ಟೇಬಲ್ಲು ನ್ಯೂಟ್ರಲ್ ಮಾಡಬೇಡ ಎನ್ನುತ್ತದೆ. ಎರಡನೆಯ ಮಾತು ಪ್ರಾಣ ಉಳಿಸುವಂಥದ್ದು, ಸಂಬಳಕ್ಕೆ ತಟ್ಟುವುದು ಮೊದಲನೆಯದು. ನಾನು ಕಂಪನಿಯ ಮಾಲೀಕನಾಗಿದ್ದರೆ ಘಟ್ಟವಿರುವ ದಾರಿಗಳಲ್ಲಿ ಡೀಸೆಲ್ ಕಡಿತವನ್ನೇ ರದ್ದುಮಾಡುತ್ತಿದ್ದೆ.

ಗಾಡಿಯ ಗುಣಮಟ್ಟದಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಕಂಪನಿಗಳು ಹಳೆಯ ಗಾಡಿಗಳನ್ನು ಹೊರಹಾಕಿ ಹೊಸದನ್ನು ತರುತ್ತಿರುತ್ತವೆ, ಸರ್ವಿಸ್ ಸಮಯಕ್ಕೆ ಆಗುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಎಂಜಿನ್ನಿನ ಕಾವಿನ ಪಕ್ಕ ಕುಳಿತವರಿಗೆ ಇದು ಸಣ್ಣ ವಿಷಯವಲ್ಲ. ಆ ಗಾಡಿಗಳು ಮೊದಲು ಹೋಗುವುದು ಕಂಪನಿಗಳಿಗೇ.

ಮನೆಯ ವಿಷಯದಲ್ಲಿ ಸಾವ್ಕಾರರ ಲಾರಿಯೇ ಮೇಲು ಎಂದು ನಾನು ಇಂದಿಗೂ ಹೇಳುತ್ತೇನೆ. ನಾಗರ ಪಂಚಮಿಗೆ, ಊರ ಜಾತ್ರೆಗೆ, ಮಗಳ ತೊಟ್ಟಿಲಿಗೆ ಕೇಳಿದಾಗ ನನ್ನ ಸಾವ್ಕಾರರು ಇಲ್ಲ ಎಂದದ್ದಿಲ್ಲ; ಆ ದಿನ ಗಾಡಿಯೂ ನಮ್ಮ ಊರಿನ ಅಗಸಿಯ ಮುಂದೆ ನಿಂತಿರುತ್ತಿತ್ತು. ಕಂಪನಿಗೆ ಹಬ್ಬವೆಂದರೆ ಲೋಡಿನ ಕಾಲ. ದಸರೆಯಿಂದ ದೀಪಾವಳಿಯವರೆಗೆ ರಜೆ ಕೇಳುವವನನ್ನು ಕೆಲಸಗಳ್ಳನಂತೆ ನೋಡುತ್ತಾರೆ. ಇದಕ್ಕೆ ಪರಿಹಾರ ಇಲ್ಲವೆಂದಲ್ಲ. 2014ರಲ್ಲಿ ಗುರುಗ್ರಾಮದಲ್ಲಿ ಆರಂಭವಾದ ರಿವಿಗೊ ಎಂಬ ಕಂಪನಿ ರಿಲೇ ಪದ್ಧತಿಯನ್ನು ತಂದಿತ್ತು. ಡ್ರೈವರ್ ಕೆಲವು ಗಂಟೆ ಓಡಿಸಿ ನಿಗದಿಯಾದ ಜಾಗದಲ್ಲಿ ಗಾಡಿಯನ್ನು ಮತ್ತೊಬ್ಬನಿಗೆ ಒಪ್ಪಿಸಿ, ಎದುರಿನಿಂದ ಬಂದ ಗಾಡಿ ಹಿಡಿದು ತನ್ನ ಊರಿಗೇ ಮರಳುತ್ತಾನೆ. ಸರಕು ನಿಲ್ಲದೆ ಓಡುತ್ತದೆ, ಮನುಷ್ಯ ಮನೆಯಲ್ಲಿ ಮಲಗುತ್ತಾನೆ. 2022ರಲ್ಲಿ ಅದರ ಎಕ್ಸ್‌ಪ್ರೆಸ್ ವ್ಯವಹಾರವನ್ನು ಮಹೀಂದ್ರಾ ಲಾಜಿಸ್ಟಿಕ್ಸ್ ಕೊಂಡುಕೊಂಡಿತು. ಈ ಪದ್ಧತಿ ನಡೆಯಬೇಕಾದರೆ ಎರಡೂ ದಿಕ್ಕಿನಲ್ಲಿ ಬಿಡುವಿಲ್ಲದ ಸರಕು ಬೇಕು, ದಾರಿಯುದ್ದಕ್ಕೂ ಬದಲಾವಣೆಯ ಜಾಗಗಳು ಬೇಕು. ಒಂದು ಲಾರಿಯವನಿಗೆ ಇದು ಅಸಾಧ್ಯ, ದೊಡ್ಡ ಕಂಪನಿಗೆ ಮಾತ್ರ ಸಾಧ್ಯ. ಹುಬ್ಬಳ್ಳಿ, ಚಿತ್ರದುರ್ಗ, ಕೊಲ್ಹಾಪುರಗಳಲ್ಲಿ ಬದಲಾವಣೆಯ ಜಾಗವಿಟ್ಟರೆ ನಮ್ಮ ಭಾಗದ ಡ್ರೈವರ್‌ಗಳು ಎಷ್ಟು ರಾತ್ರಿ ಮನೆಯಲ್ಲಿರಬಹುದಿತ್ತು ಎಂದು ನಾನು ಬಹಳ ಸಲ ಲೆಕ್ಕ ಹಾಕಿದ್ದೇನೆ.

ಸ್ವಂತ ಗಾಡಿ ಮಾಡಬಾರದೇ ಎಂದು ಕೇಳುವವರೂ ಇದ್ದಾರೆ. ಬಳ್ಳಾರಿಯ ಅದಿರು ಬೇಲೆಕೇರಿ ಬಂದರಿಗೆ ಹಗಲಿರುಳು ಹರಿಯುತ್ತಿದ್ದ ಕಾಲದಲ್ಲಿ ಹೊಸಪೇಟೆ, ಸಂಡೂರು ಕಡೆಯ ಎಷ್ಟೋ ಡ್ರೈವರ್‌ಗಳು ಸಾಲ ಮಾಡಿ ಟಿಪ್ಪರ್ ಕೊಂಡರು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಕೋರ್ಟಿನ ತೀರ್ಮಾನ ನಾಡಿನ ಹಿತಕ್ಕೆ ಅಗತ್ಯವಾಗಿತ್ತು ಎಂದೇ ನಾನು ನಂಬಿದ್ದೇನೆ. ಆದರೆ ಕಂತು ನಿಲ್ಲಲಿಲ್ಲ, ಗಾಡಿಗಳು ಸಾಲಾಗಿ ನಿಂತವು, ಫೈನಾನ್ಸಿನವರು ಬಂದು ಒಯ್ದರು. ಒಂದೇ ಗಾಡಿ, ಒಂದೇ ಬಗೆಯ ಸರಕು, ಮೇಲೆ ಸಾಲ ಎಂಬುದು ಡ್ರೈವರನಿಗೆ ತಕ್ಕ ಸಾಹಸವಲ್ಲ.

ಕಂಪನಿಗೆ ಸೇರುತ್ತೇನೆ ಎಂದು ತೀರ್ಮಾನಿಸಿದ ಹುಡುಗರಿಗೆ ನಾನು ಹೇಳುವುದು ಇಷ್ಟು. ಲಾರಿಯ ಮೇಲೆ ದೊಡ್ಡ ಕಂಪನಿಯ ಹೆಸರು ಬರೆದಿದ್ದ ಮಾತ್ರಕ್ಕೆ ನೀನು ಆ ಕಂಪನಿಯ ನೌಕರನಾಗುವುದಿಲ್ಲ. ಬಹಳಷ್ಟು ಕಡೆ ಗಾಡಿ ಹೊರಗಿನ ಮಾಲೀಕನದು, ಕಂಪನಿಗೆ ಅಟ್ಯಾಚ್ ಮಾಡಿರುತ್ತಾನೆ. ಅಲ್ಲಿ ಕಂಟ್ರೋಲ್ ರೂಮಿನ ಕರೆ ಕಂಪನಿಯಿಂದ ಬರುತ್ತದೆ, ಪ್ರಾವಿಡೆಂಟ್ ಫಂಡು ಯಾರಿಂದಲೂ ಬರುವುದಿಲ್ಲ. ಎರಡೂ ಕಡೆಯ ಕೆಟ್ಟದ್ದು ಮಾತ್ರ ಪಾಲಿಗೆ ಬರುವ ಕೆಲಸ ಅದು. ಆದ್ದರಿಂದ ಗಾಡಿ ಹತ್ತುವ ಮೊದಲು ಆರ್‌ಸಿಯಲ್ಲಿ ಯಾರ ಹೆಸರಿದೆ ನೋಡಬೇಕು. ನೇಮಕದ ಪತ್ರ ಕೈಗೆ ಪಡೆಯಬೇಕು. ಡೀಸೆಲ್ ಕಡಿತದ ನಿಯಮವನ್ನೂ, ಅಪಘಾತವಾದರೆ ವಿಚಾರಣೆಯ ಕಾಲದಲ್ಲಿ ಸಂಬಳ ಉಂಟೋ ಇಲ್ಲವೋ ಎಂಬುದನ್ನೂ ಬಾಯಿಬಿಟ್ಟು ಕೇಳಬೇಕು. ಮೊದಲ ಸಂಬಳವಾದ ಮೇಲೆ ಪ್ರಾವಿಡೆಂಟ್ ಫಂಡಿನ ಖಾತೆಯ ಯುಎಎನ್ ನಂಬರ್ ಪಡೆದು, ಕಡಿದ ಹಣ ಖಾತೆಗೆ ಬಿದ್ದಿದೆಯೇ ಎಂದು ಮೊಬೈಲಿನಲ್ಲೇ ನೋಡಿಕೊಳ್ಳಬೇಕು. ಟ್ರಿಪ್ ಶೀಟು ಆಫೀಸಿಗೆ ಒಪ್ಪಿಸುವ ಮುನ್ನ ಪ್ರತಿಯೊಂದರ ಫೋಟೋ ತೆಗೆದು ಮನೆಯವರ ಫೋನಿಗೂ ಕಳಿಸಿಡಬೇಕು.